ಹೊಸಿಲು ದಾಟದ ಹುಡುಗ

ಆ ವರ್ಷವೆಲ್ಲ ನಮ್ಮ ಮಹಡಿಯ ಮೇಲಿನ ಹಗ್ಗದಲ್ಲಿ ಬಿಳಿ ಶರ್ಟುಗಳೇ ಒಣಗುತ್ತಿದ್ದವು. ಬಣ್ಣದ ಬಟ್ಟೆ ಎಂದರೆ ಟವೆಲು ಮಾತ್ರ. ಮೂಲೆಯ ಬೇಕರಿಯವರು ಒಂದು ದಿನ ಬ್ರೆಡ್ಡು ಕಟ್ಟಿಕೊಡುತ್ತ, "ಮೇಲ್ಗಡೆ ಹೋಟ್ಲು ಸಪ್ಲೈಯರ್‌ಗಳನ್ನ ಇಟ್ಕೊಂಡಿದ್ದೀರಾ ಮೇಡಂ?" ಎಂದು ಕೇಳಿದ್ದರು. "ಇಲ್ಲ, ಒಬ್ಬ ಅಮೆರಿಕದವನು, ಇನ್ನೊಬ್ಬ ಕೊಯಮತ್ತೂರಿನವನು" ಎಂದೆ. ಅವರು ನಂಬಲಿಲ್ಲ. ಅಮೆರಿಕದವನೊಬ್ಬ ಟೈ ಕಟ್ಟಿಕೊಂಡು ಶಿವಾಜಿನಗರದ ಬಸ್ಸಿನಲ್ಲಿ ನೇತಾಡುವುದನ್ನು ನಮ್ಮ ಬೀದಿ ಆಗಿನ್ನೂ ಕಂಡಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಸರ್ವಜ್ಞನಗರ ಎಂಬ ಹೆಸರು ಬೋರ್ಡಿನಲ್ಲಿತ್ತು, ನಾವೆಲ್ಲ ಕಾಕ್ಸ್ ಟೌನ್ ಎಂದೇ ಹೇಳುತ್ತಿದ್ದೆವು. ಕೆಳಗಡೆ ನಾವು ಮೂವರು: ನಾನು, ನಮ್ಮ ಯಜಮಾನರು, ನಮ್ಮ ಅತ್ತೆ. ಯಜಮಾನರು ಕೆ.ಆರ್. ಪುರಂ ಆಚೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಅತ್ತೆ ಧಾರವಾಡದ ಕಡೆಯವರು. ಊರು ಬಿಟ್ಟು ಎಷ್ಟು ಕಾಲವಾದರೂ ಅವರ ಮಾತು ಊರು ಬಿಟ್ಟಿರಲಿಲ್ಲ. ನಾನು ಹುಟ್ಟಿ ಬೆಳೆದದ್ದೇ ಕಂಟೋನ್ಮೆಂಟಿನಲ್ಲಿ, ಓದಿದ್ದು ಕಾನ್ವೆಂಟಿನಲ್ಲಿ. ಹಾಗಾಗಿ ಮನೆಯಲ್ಲಿ ಇಂಗ್ಲಿಷಿನ ವ್ಯವಹಾರವೆಲ್ಲ ನನ್ನ ಪಾಲು. ಕಾಂಪೌಂಡಿನ ಮೂಲೆಯಲ್ಲಿದ್ದ ಗ್ಯಾರೇಜಿನಲ್ಲಿ ವಯಸ್ಸಾದ ದರ್ಜಿಯೊಬ್ಬರು ಹೊಲಿಗೆ ಮಷೀನು ಇಟ್ಟುಕೊಂಡಿದ್ದರು. ಮನೆ ಶಿವಾಜಿನಗರದಲ್ಲಿ, ಹಗಲೆಲ್ಲ ನಮ್ಮಲ್ಲಿ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ.

ಮೇಲಿನ ಮನೆಗೆ ಹೊರಗಿನಿಂದ ಮೆಟ್ಟಿಲು. ಅಲ್ಲಿಗೆ ಬಂದವರು ಮಾರ್ಮನ್ ಪಂಥದ ಹುಡುಗರು. ಆ ಪಂಥದಲ್ಲಿ ಹತ್ತೊಂಬತ್ತು ತುಂಬಿದ ಹುಡುಗ ಓದು, ಮನೆ, ಸ್ನೇಹಿತರು ಎಲ್ಲವನ್ನೂ ಬಿಟ್ಟು ಎರಡು ವರ್ಷ ಕಳಿಸಿದ ಕಡೆ ಹೋಗಿ ಧರ್ಮದ ಸೇವೆ ಮಾಡಬೇಕು. ಜೇಬಿನ ಮೇಲೆ ಕಪ್ಪು ಪಟ್ಟಿ. ಅದರಲ್ಲಿ ಮನೆತನದ ಹೆಸರಿನ ಮುಂದೆ 'ಎಲ್ಡರ್' ಎಂದು ಬರೆದಿತ್ತು. ಅದರ ಅರ್ಥ ಏನೆಂದು ಅತ್ತೆ ಕೇಳಿದರು. ಹಿರಿಯ ಅಂತ, ಎಂದೆ.

"ಮೀಸಿ ಇನ್ನ ನೆಟ್ಟಗ ಮೂಡಿಲ್ಲ. ಹಿರ್ಯಾನಂತ ಹಿರ್ಯಾ."

ಅಂದಿನಿಂದ ಉದ್ದಕ್ಕಿದ್ದ, ಕೆಂಚು ಕೂದಲಿನ ಅಮೆರಿಕದ ಹುಡುಗ ದೊಡ್ಡ ಹಿರ್ಯಾ, ಕೊಯಮತ್ತೂರಿನವನು ಸಣ್ಣ ಹಿರ್ಯಾ ಆದರು.

ಬಂದ ದಿನವೇ ಕಾಫಿ ಮಾಡಿ ಮೆಟ್ಟಿಲ ಹತ್ತಿರ ತೆಗೆದುಕೊಂಡು ಹೋದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಕಾಫಿ, ಟೀ ಎರಡೂ ಅವರಿಗೆ ನಿಷಿದ್ಧ. ದೊಡ್ಡವನು ಕ್ಷಮೆ ಕೇಳಿದ ರೀತಿ ನೋಡಿದರೆ ಲೋಟ ಒಡೆದು ಹಾಕಿದ್ದಾನೇನೋ ಅನ್ನಿಸಬೇಕು, ಅಷ್ಟು ಸಂಕೋಚ. ಒಳಗೆ ಬಂದು ಹೇಳಿದಾಗ ಅತ್ತೆ ಬೆರಳು ಮಡಚಿದರು. "ಚಾ ಇಲ್ಲ, ಕಾಫಿ ಇಲ್ಲ, ಬೀಡಿ ಇಲ್ಲ, ಸೆರೆ ಇಲ್ಲ. ಏನು, ಸ್ವಾಮಿಗೋಳೇನು ಇವ್ರು?"

"ಸುಮಾರು ಹಾಗೇ ಅತ್ತೆ."

"ಮತ್ತ ಟೈ ಯಾಕ?"

ಅವರ ಇನ್ನೆರಡು ಕಟ್ಟಳೆಗಳು ದಿನ ಕಳೆದ ಹಾಗೆ ತಿಳಿದವು. ಒಂದು, ಇಬ್ಬರೂ ಸದಾ ಜೊತೆಯಲ್ಲಿರಬೇಕು. ಒಬ್ಬನ ಕಣ್ಣಳತೆ ಬಿಟ್ಟು ಇನ್ನೊಬ್ಬ ಹೋಗುವ ಹಾಗಿಲ್ಲ. ಒಬ್ಬನಿಗೆ ಬಾಳೆಹಣ್ಣು ಬೇಕಾದರೆ ಇಬ್ಬರೂ ಅಂಗಡಿಗೆ ಹೋಗುತ್ತಿದ್ದರು. ಮೆಟ್ಟಿಲ ಮೇಲೆ ಯಾವಾಗಲೂ ಎರಡು ಜೊತೆ ಬೂಟಿನ ಸದ್ದು. ಇನ್ನೊಂದು, ಗಂಡಸರಿಲ್ಲದ ಮನೆಯೊಳಗೆ ಅವರು ಕಾಲಿಡುವಂತಿಲ್ಲ. ಫೋನು ಬೇಕಾದಾಗ ಬಾಗಿಲಲ್ಲಿ ನಿಂತು, "ಅಂಕಲ್ ಇದ್ದಾರಾ ಆಂಟಿ?" ಎಂದು ಕೇಳುವರು. ಇಲ್ಲ ಎಂದರೆ ಹೊಸಿಲಾಚೆಯೇ ಒಂದು ನಮಸ್ಕಾರ ಹಾಕಿ ತಿರುಗಿ ಹೋಗುವರು. ಅತ್ತೆಗೆ ಇದು ಅವಮಾನ ಅನ್ನಿಸುತ್ತಿತ್ತು. "ನಾ ಏನು ಮನಷ್ಯಾಳಲ್ಲೇನು? ಎಪ್ಪತ್ತರ ಮುದುಕಿ ಅದೀನಿ." ಚಾಚಾಗೆ ಮಾತ್ರ ತಮಾಷೆ. "ನನ್ನ ಕರೀರಮ್ಮಾ. ಟೇಪು ಕುತ್ಗೆಗೆ ಹಾಕ್ಕೊಂಡು ಬಂದು ಕೂತ್ಕೋತೀನಿ, ಗಂಡಸು ಡ್ಯೂಟಿ. ಅವ್ರಿಗೆ ಫೋನು, ನಂಗೆ ಚಾಯ್." ಒಂದೆರಡು ಸಲ ನಿಜವಾಗಿಯೂ ಹಾಗೆ ಕರೆದದ್ದುಂಟು.

ಮಾರ್ಚ್ ತಿಂಗಳ ಒಂದು ಸಂಜೆ ನಾನು ಗೇಟಿನ ಬಳಿ ಸಂಪಿಗೆ ಗಿಡಕ್ಕೆ ನೀರು ಹಾಕುತ್ತಿದ್ದಾಗ ದೊಡ್ಡ ಹಿರಿಯ ಬಂದು ನಿಂತ. ಪಕ್ಕದಲ್ಲಿ ಸಣ್ಣವನು ಇದ್ದೇ ಇದ್ದ. ನಮ್ಮ ಫೋನ್ ನಂಬರನ್ನು ತನ್ನ ತಾಯಿಗೆ ಕೊಡಬಹುದೇ ಎಂದು ಕೇಳಿದ. ವರ್ಷಕ್ಕೆ ಎರಡೇ ಸಲ ಅವರು ಮನೆಯವರೊಡನೆ ಫೋನಿನಲ್ಲಿ ಮಾತಾಡಬಹುದು: ಕ್ರಿಸ್ಮಸ್ಸಿಗೆ ಒಮ್ಮೆ, ಮೇ ತಿಂಗಳ ತಾಯಂದಿರ ದಿನಕ್ಕೆ ಒಮ್ಮೆ.

ಧಾರಾಳವಾಗಿ ಕೊಡು ಎಂದೆ. ಅವನು ಹೋಗಲಿಲ್ಲ. ಟೈಯ ತುದಿಯನ್ನು ಬೆರಳಿಗೆ ಸುತ್ತುತ್ತ, ತನಗೊಬ್ಬ ಅಣ್ಣ ಇದ್ದಾನೆ ಎಂದ. ಆ ಅಣ್ಣನೂ ಇದೇ ಸೇವೆಗೆ ಬೇರೆ ಯಾವುದೋ ದೇಶಕ್ಕೆ ಹೋಗಿದ್ದ. ಅಲ್ಲಿ ಮನಸ್ಸಿಗೆ ಮಂಕು ಕವಿದು, ನಿದ್ದೆ ಊಟ ಬಿಟ್ಟು, ಎರಡು ವರ್ಷ ತುಂಬುವ ಮೊದಲೇ ವಾಪಸು ಬಂದ. ಅವರ ಊರು ಚಿಕ್ಕದು. ಸುತ್ತ ಆಲೂಗಡ್ಡೆ ಹೊಲ, ನಡುವೆ ಒಂದು ಚರ್ಚು, ಎಲ್ಲರಿಗೂ ಎಲ್ಲರೂ ಗೊತ್ತು.

"ಜನ ಏನಾದರೂ ಅಂದರಾ?" ಎಂದು ಕೇಳಿದೆ.

"ಯಾರೂ ಏನೂ ಅನ್ನಲಿಲ್ಲ ಆಂಟಿ. ಎರಡು ವರ್ಷ ಮುಗಿಸಿ ಬಂದವರನ್ನು ಕರೆತರೋಕೆ ಇಡೀ ಚರ್ಚು ಏರ್‌ಪೋರ್ಟಿಗೆ ಬರುತ್ತೆ. ಬಲೂನು ಹಿಡ್ಕೊಂಡು. ಅವನನ್ನು ಕರೆತರೋಕೆ ಅಪ್ಪ ಅಮ್ಮ ಹೋದರು, ಅಷ್ಟೇ."

ಅಣ್ಣ ಈಗ ಬೇರೆ ಊರಿನಲ್ಲಿದ್ದಾನೆ, ಹಬ್ಬಕ್ಕೂ ಮನೆಗೆ ಬರುವುದಿಲ್ಲ. ಚರ್ಚಿನಲ್ಲಿ ಅಮ್ಮ ಈಗ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. "ನಾನು ಪೂರ್ತಿ ಮುಗಿಸಿಯೇ ಹೋಗಬೇಕು. ಅಮ್ಮನಿಗೆ ಇನ್ನೊಂದು ಸಲ ಹಾಗೆ ಆಗಬಾರದು." ಇಷ್ಟು ಹೇಳಿ ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡು ಸಂಪಿಗೆಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಸುರಿದು ಹೋದ.

ಏಪ್ರಿಲ್ ಕೊನೆಯ ಹೊತ್ತಿಗೆ ಮೆಟ್ಟಿಲ ಸದ್ದು ಬದಲಾಯಿತು. ಮೊದಲು ದೊಡ್ಡವನು ಎರಡೆರಡು ಮೆಟ್ಟಿಲು ದಾಟಿ ಹತ್ತುತ್ತಿದ್ದ. ಸಣ್ಣವನು ಹಿಂದೆ ಓಡಬೇಕಾಗುತ್ತಿತ್ತು. ಈಗ ಸಣ್ಣವನ ಬೂಟು ಮುಂದೆ ಹೋಗಿ ನಿಲ್ಲುತ್ತಿತ್ತು, ಅವನದು ಹಿಂದೆ ಉಳಿಯುತ್ತಿತ್ತು. ಹೊರಗಿನಿಂದ ಬಂದಾಗಲೆಲ್ಲ ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುವುದನ್ನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮನೆಗೆ ಬಂದ ಮೇಲೆ ದಾರ ಬಿಚ್ಚುತ್ತಾರೆ, ಕಟ್ಟುವುದಿಲ್ಲ. ಬಿಳಿ ಕಾಲರಿನ ಮೇಲೆ ಅವನ ಕುತ್ತಿಗೆಯ ಬಣ್ಣವೂ ಬೇರೆಯಾಗಿ ಕಾಣುತ್ತಿತ್ತು. ಬಿಸಿಲಿಗೆ ಬೆಂದಿರಬೇಕು, ಪಾಪ, ಬಿಳಿ ಚರ್ಮ ಎಂದುಕೊಂಡೆ.

ಮೇ ತಿಂಗಳ ಮೊದಲ ಶನಿವಾರ ಚಿತ್ರಾನ್ನ ಮಾಡಿ ಮೇಲಕ್ಕೆ ಕಳಿಸಿದ್ದೆ. ಡಬ್ಬಿ ಮರುದಿನ ಬೆಳಿಗ್ಗೆ ವಾಪಸು ಬಂತು, ತುಂಬಿದ್ದು ತುಂಬಿದ ಹಾಗೇ. ಸಣ್ಣವನು ತಲೆ ತಗ್ಗಿಸಿ, "ಇವತ್ತು ಉಪವಾಸ ಆಂಟಿ" ಎಂದ. ಪ್ರತಿ ತಿಂಗಳ ಮೊದಲ ಭಾನುವಾರ ಅವರು ಎರಡು ಹೊತ್ತು ಅನ್ನ ನೀರು ಎರಡನ್ನೂ ಬಿಡುತ್ತಾರೆ. ಇದು ನಮಗೆ ಗೊತ್ತಿದ್ದದ್ದೇ. ಅತ್ತೆಗೆ ಅವರ ಮೇಲೆ ಅಕ್ಕರೆ ಹುಟ್ಟಿದ್ದೇ ಈ ಉಪವಾಸದಿಂದ. ತಾವು ಸೋಮವಾರ ಹಿಡಿಯುವವರು. "ನೀರ ಸುದ್ದಾ ಮುಟ್ಟಂಗಿಲ್ಲಂತ. ನಮ್ಮದೇನು, ಹಾಲು ಹಣ್ಣು ನಡೀತದ. ಹುಡುಗ್ರು ಗಟ್ಟಿ ಅದಾವ."

ಸೋಮವಾರ ಇಡ್ಲಿ ಕಳಿಸೋಣವೆಂದು ಸಣ್ಣವನನ್ನು ಕರೆದೆ. ಅವನು ತನಗೆ ಎರಡು ತೆಗೆದುಕೊಂಡ. "ಅವರಿಗೆ ಬೇಡ ಆಂಟಿ. ಇನ್ನೂ... ಉಪವಾಸ."

"ನೆನ್ನೆ ಮುಗೀಲಿಲ್ವಾ?"

"ಇದು ಬೇರೆ. ವಿಶೇಷಕ್ಕೆ."

ಏನು ವಿಶೇಷ ಎಂದು ಕೇಳುವವಳಿದ್ದೆ. ಅತ್ತೆ ಒಳಗಿನಿಂದಲೇ ತಡೆದರು. "ಕೇಳಬ್ಯಾಡ. ವ್ರತಾ ಹಿಡದಾವ್ರನ್ನ ಯಾಕಂತ ಕೇಳಬಾರ್ದು, ಫಲಾ ಹೋಗ್ತದ. ಅಡಗಿ ವಾಸನೀ ಸುದ್ದಾ ಮ್ಯಾಲೆ ಹೋಗಬಾರ್ದು, ಕಿಡಕಿ ಮುಚ್ಚು." ನಾನು ಕಿಟಕಿ ಮುಚ್ಚಿ ಒಗ್ಗರಣೆ ಹಾಕಿದೆ. ಮೇ ತಿಂಗಳ ಸೆಖೆಯಲ್ಲಿ, ಮುಚ್ಚಿದ ಅಡಿಗೆಮನೆಯಲ್ಲಿ, ಬೆವರು ಒರೆಸಿಕೊಳ್ಳುತ್ತ. ಅತ್ತೆ ದೇವರ ಮುಂದೆ ಕೂತು ಆ ಹುಡುಗನ ಹೆಸರಿನಲ್ಲೂ ಒಂದು ಬಿಲ್ವಪತ್ರೆ ಏರಿಸಿದರು. ಹೆಸರು ಗೊತ್ತಿರಲಿಲ್ಲವಾದ್ದರಿಂದ ದೊಡ್ಡ ಹಿರ್ಯಾ ಎಂದೇ ಹೇಳಿರಬೇಕು.

ಮಂಗಳವಾರ ಬೆಳಿಗ್ಗೆ ಯಜಮಾನರು ಮೊದಲ ಪಾಳಿಗೆ ಹೋಗಿಯಾಗಿತ್ತು. ಹೊಸಿಲಿಗೆ ಅರಿಶಿನ ಹಚ್ಚಿ, ಕುಂಕುಮವಿಟ್ಟು, ಬಟ್ಟೆ ಒಣಹಾಕಲು ಮೇಲೆ ಹೋದೆ. ಹಗ್ಗದಲ್ಲಿ ಸಣ್ಣ ಅಳತೆಯ ಶರ್ಟುಗಳು ಮಾತ್ರ ಇದ್ದವು. ಉದ್ದ ತೋಳಿನವು ಒಂದೂ ಇಲ್ಲ. ಅವನು ಶರ್ಟೇ ಬದಲಿಸಿಲ್ಲ ಎಂದು ನನ್ನ ಮನಸ್ಸು ಲೆಕ್ಕ ಹಾಕುತ್ತಿರುವಾಗಲೇ ಒಳಗಿನಿಂದ ವಾಂತಿಯ ಸದ್ದು ಕೇಳಿತು. ಹೊಟ್ಟೆಯಲ್ಲಿ ಏನೂ ಇಲ್ಲದವರು ಮಾಡುವ ಒಣ ವಾಂತಿ.

ಬಾಗಿಲು ತಟ್ಟಿದೆ. ಸಣ್ಣವನು ಒಂದು ಗೇಣು ತೆಗೆದು ಅಡ್ಡ ನಿಂತ. "ಬರಬೇಡಿ ಆಂಟಿ. ಅಂಕಲ್ ಇಲ್ಲ."

"ಏನಾಗಿದೆ ಅವನಿಗೆ?"

ಸಣ್ಣವನ ಭುಜದ ಮೇಲಿನಿಂದ ನನಗೆ ಮಂಚ ಕಂಡಿತು, ಮಂಚದ ಮೇಲೆ ಗೋಡೆಗೊರಗಿ ಕೂತ ಹುಡುಗ ಕಂಡ. ಅವನು ನನ್ನತ್ತ ತಿರುಗಿದ. ಕಣ್ಣಿನ ಬಿಳಿಭಾಗ ನಾನು ಆಗತಾನೇ ಹೊಸಿಲಿಗೆ ಹಚ್ಚಿ ಬಂದ ಬಣ್ಣವಾಗಿತ್ತು.

ನಾನು ಕೆಳಗೆ ಓಡಿ ಚಾಚಾನನ್ನು ಕರೆದೆ. "ಗಂಡಸು ಡ್ಯೂಟಿ ಚಾಚಾ, ಬೇಗ ಬನ್ನಿ." ಅವರು ನಗುತ್ತಲೇ ಎದ್ದವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಅತ್ತೆ ಏನು ಎತ್ತ ಎಂದು ಕೇಳುತ್ತ ಹಿಂದೆಯೇ ಬಂದರು. ಮೇಲೆ ಮೊಟ್ಟೆ ಬೇಯುತ್ತದೆ ಎಂದು ಒಂದು ದಿನವೂ ಆ ಮೆಟ್ಟಿಲು ಹತ್ತದವರು ಮೊಣಕಾಲು ಹಿಡಿದುಕೊಂಡು ಹತ್ತಿದರು.

ಚಾಚಾ ಅವನ ಕೆಳರೆಪ್ಪೆ ಜಗ್ಗಿ ನೋಡಿದರು. "ಪೀಲಿಯಾ ಅಮ್ಮಾ. ಕಾಮಾಲೆ. ಚೆನ್ನಾಗೇ ಏರ್ಬಿಟ್ಟಿದೆ." ಅತ್ತೆ ಮಂಚದ ಹತ್ತಿರ ನಿಂತವರು ಸಣ್ಣವನ ಕಡೆ ತಿರುಗಿದರು. "ಉಪಾಸ ಅಂದೆಲ್ಲೋ ನೀನು?"

ಅವನಿಗೆ ಧಾರವಾಡದ ಮಾತು ಅಷ್ಟಾಗಿ ತಿಳಿಯದು, ಆದರೆ ಆ ಪ್ರಶ್ನೆ ತಿಳಿಯಿತು. ಭಾನುವಾರ ನಿಜವಾದ ಉಪವಾಸವೇ ಆಗಿತ್ತು, ಎಂದ. ವಾಂತಿ ಅದಕ್ಕೂ ಮೊದಲೇ ಶುರುವಾಗಿತ್ತು, ಆದರೂ ದೊಡ್ಡವನು ನೀರು ಮುಟ್ಟಲಿಲ್ಲ. ಸೋಮವಾರದಿಂದ ಏನೂ ಇಳಿಯುತ್ತಿಲ್ಲ. ಉಪವಾಸ ಎಂದರೆ ನಾವು ಮುಂದೆ ಕೇಳುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

ಆಸ್ಪತ್ರೆಗೆ ಹೋಗಬೇಕು, ನಿಮ್ಮ ಪಂಥದ ಆಫೀಸಿಗೆ ತಿಳಿಸುತ್ತೇನೆ, ಎಂದೆ. ಆಗ ದೊಡ್ಡವನು ಮೊದಲ ಸಲ ಮಾತಾಡಿದ. ಸ್ವರ ಒಣಗಿ ಹೋಗಿತ್ತು.

"ಬೇಡ ಆಂಟಿ. ಅವರಿಗೆ ಗೊತ್ತಾದರೆ ಮನೆಗೆ ಕಳಿಸ್ತಾರೆ. ಹೋದ ವರ್ಷ ಇನ್ನೊಬ್ಬನಿಗೆ ಹೀಗೇ ಆಗಿ ಕಳಿಸಿದರು. ನನಗೆ ಇನ್ನು ಕೆಲವೇ ತಿಂಗಳು ಉಳಿದಿರೋದು. ಬರೋ ಭಾನುವಾರ ಅಮ್ಮ ಫೋನ್ ಮಾಡ್ತಾರೆ. ನಾನು ಚೆನ್ನಾಗಿದ್ದೀನಿ ಅಂತ ಹೇಳಬೇಕು. ಅಲ್ಲಿವರೆಗಾದರೂ ತಡೀರಿ."

"ಅಲ್ಲೀತನಕ ಇದ್ದರಲ್ಲಾ," ಎಂದರು ಅತ್ತೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದು ಅವರಿಗೆ ಹೇಗೆ ಅರ್ಥವಾಯಿತೋ ಕಾಣೆ.

ಚಾಚಾ ಆಟೋ ತರಲು ಮೇನ್ ರೋಡಿಗೆ ಹೊರಟರು. ನಾನು ಮೆಟ್ಟಿಲು ಇಳಿಯುವಾಗ ಸಣ್ಣವನು ಎರಡು ಮೆಟ್ಟಿಲು ಹಿಂದೆ ಬಂದು ತಮಿಳಿನಲ್ಲಿ ಪಿಸುಗುಟ್ಟಿದ. ನನಗೆ ತಮಿಳು ಬರುತ್ತದೆಂದು ಅವನಿಗೆ ಗೊತ್ತಿತ್ತು, ದೊಡ್ಡವನಿಗೆ ಬಾರದು. "ಯಾರಿಗೂ ಹೇಳಲ್ಲ ಅಂತ ನಾನು ಅವರಿಗೆ ಮಾತು ಕೊಟ್ಟಿದ್ದೀನಿ ಆಂಟಿ. ನೀವು ಕೊಟ್ಟಿಲ್ಲ."

ಅಷ್ಟು ಹೇಳಿ ಮತ್ತೆ ಬಾಗಿಲಿಗೆ ಹೋಗಿ ನಿಂತ. ಕಣ್ಣಳತೆ ಬಿಟ್ಟು ಬರುವ ಹಾಗಿರಲಿಲ್ಲವಲ್ಲ.

ನಮ್ಮ ಫೋನು ಹಾಲಿನಲ್ಲಿ, ಬಾಗಿಲಿಗೆ ನೇರವಾಗಿ, ಒಂದು ಸ್ಟೂಲಿನ ಮೇಲೆ ಇತ್ತು. ಬೆರಳಿಟ್ಟು ತಿರುಗಿಸುವ ಹಳೆಯ ಕಪ್ಪು ಫೋನು. ಅವರ ಆಫೀಸಿನ ನಂಬರು ಪಕ್ಕದ ಕ್ಯಾಲೆಂಡರಿನ ಅಂಚಿನಲ್ಲಿ ನನ್ನ ಕೈಬರಹದಲ್ಲಿತ್ತು. ಮೊದಲ ಅಂಕಿ ತಿರುಗಿಸಿ ಬಿಟ್ಟೆ. ಡಯಲ್ಲು ಗರಗರ ಎನ್ನುತ್ತ ವಾಪಸು ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಬರಿಗಾಲಿನ ಸದ್ದು.

ಅವನೇ ಇಳಿದು ಬಂದಿದ್ದ. ಕಂಬಿ ಹಿಡಿದು, ಗೋಡೆ ಹಿಡಿದು, ನಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತ. ಆ ಸ್ಥಿತಿಯಲ್ಲೂ ಶರ್ಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ. ಹಿಂದೆ ಸಣ್ಣವನು ಅವನ ಸೊಂಟ ಹಿಡಿದುಕೊಂಡಿದ್ದ.

"ಆಂಟಿ, ಇಡಿ. ಪ್ಲೀಸ್, ಇಡಿ."

ನಾನು ಎರಡನೆಯ ಅಂಕಿ ತಿರುಗಿಸಿದೆ. ಬಾಗಿಲಿನಿಂದ ಸ್ಟೂಲಿಗೆ ನಾಲ್ಕು ಹೆಜ್ಜೆಯೂ ಇರಲಿಲ್ಲ. ಅವನಂಥ ಉದ್ದದ ಹುಡುಗ ಎರಡು ಹೆಜ್ಜೆ ಇಟ್ಟು ಕೈ ಚಾಚಿದ್ದರೆ ಫೋನಿನ ಗುಂಡಿ ಒತ್ತಿ ಕರೆ ಕತ್ತರಿಸಬಹುದಿತ್ತು. ಅವನು ನನ್ನ ಬೆರಳನ್ನು ನೋಡಿದ, ಆಮೇಲೆ ಹಾಲಿನ ಒಳಗೆಲ್ಲ ಕಣ್ಣಾಡಿಸಿದ. ಯಜಮಾನರ ಕುರ್ಚಿ ಖಾಲಿ. ಚಾಚಾ ಇನ್ನೂ ಬಂದಿಲ್ಲ. ಮನೆಯಲ್ಲಿ ಗಂಡಸರಿಲ್ಲ. ಅವನ ಕಾಲ್ಬೆರಳುಗಳು ಹೊಸಿಲಿನ ಅರಿಶಿನಕ್ಕೆ ತಾಗಿ ನಿಂತಿದ್ದವು. ದಾಟಲಿಲ್ಲ.

"ನಮ್ಮಣ್ಣನ ಹಾಗೆ ಆಗುತ್ತೆ ಆಂಟಿ," ಎಂದ. ಅಳುತ್ತಿರಲಿಲ್ಲ, ಅತ್ತಿದ್ದರೆ ನನ್ನ ಕೈ ನಿಲ್ಲುತ್ತಿತ್ತೋ ಏನೋ. ಮೂರನೆಯ ಅಂಕಿ, ನಾಲ್ಕನೆಯದು. ಎಲ್ಲ ಮನೆಗಳ ಫೋನೂ ಗುಂಡಿ ಒತ್ತುವುದಾಗಿತ್ತು, ನಮ್ಮದೊಂದೇ ಹೀಗೆ. ಪ್ರತಿ ಅಂಕಿಗೂ ಅವನು ಒಮ್ಮೆ "ಬೇಡ" ಎನ್ನುವಷ್ಟು ಸಮಯ ಸಿಗುತ್ತಿತ್ತು, ಪ್ರತಿ ಅಂಕಿಗೂ ಅವನು ಅಂದ. ಆ ಕಡೆ ಯಾರೋ ಫೋನು ಎತ್ತಿದರು. ನಾನು ವಿಷಯ ಹೇಳುತ್ತಿರುವಾಗಲೇ ಅವನು ಚೌಕಟ್ಟಿಗೆ ಬೆನ್ನು ಕೊಟ್ಟು ಜಾರುತ್ತ ಜಾರುತ್ತ ಕೂತುಬಿಟ್ಟ, ಹೊಸಿಲಾಚೆಯೇ. ಚಾಚಾ ಆಟೋ ತಂದು, "ಏ ಬೇಟಾ, ಏಳಪ್ಪಾ, ಏಳು," ಎಂದು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಆಟೋದಲ್ಲಿ ಕೂರಿಸುವಾಗ ಅವನು ನನ್ನ ಕಡೆ ನೋಡಲಿಲ್ಲ.

ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಸೇರಿಸಿಕೊಂಡರು. ಇನ್ನೊಂದು ದಿನ ಬಿಟ್ಟಿದ್ದರೆ ಕೈ ಮೀರುತ್ತಿತ್ತು ಎಂದು ಡಾಕ್ಟರು ಯಜಮಾನರ ಬಳಿ ಹೇಳಿದರಂತೆ. ಸಂಜೆ ನಾವು ಹೋದಾಗ ಸಣ್ಣವನು ವರಾಂಡದ ಬೆಂಚಿನಲ್ಲಿ, ತೆರೆದ ಬಾಗಿಲಿನಿಂದ ಮಂಚ ಕಾಣುವ ಕಡೆ ಕೂತಿದ್ದ. ಎಲ್ಲಿ ನೀರು ಕುಡಿದಿರಿ, ಮನೆಯ ನೀರು ಕುದಿಸಿದ್ದೇ ಅಲ್ಲವೇ, ಎಂದು ಕೇಳಿದೆ.

"ಹಲಸೂರಲ್ಲಿ, ಕೆ.ಆರ್. ಪುರಂನಲ್ಲಿ ಮನೆಗಳಿಗೆ ಹೋಗ್ತೀವಲ್ಲ ಆಂಟಿ. ಹೋದ ತಕ್ಷಣ ಕಾಫಿ ಅಂತಾರೆ, ಬೇಡ ಅಂತೀವಿ. ಟೀ ಅಂತಾರೆ, ಬೇಡ ಅಂತೀವಿ. ಮುಖ ಸಣ್ಣ ಮಾಡ್ಕೊಂಡು ನೀರು ತಂದು ಕೊಡ್ತಾರೆ. ಅದನ್ನೂ ಬೇಡ ಅನ್ನೋದು ಹೇಗೆ? ನಾನು ತುಟಿಗೆ ತಾಗಿಸಿ ಇಟ್ಬಿಡ್ತೀನಿ. ಇವರು ಮಾತ್ರ ಲೋಟ ಖಾಲಿ ಮಾಡ್ತಾರೆ. ಎಲ್ಲ ಮನೇಲೂ."

ಕುದಿಸಿದ ಕಾಫಿ ಬೇಡವೆಂದ ತಪ್ಪಿಗೆ ಹಸಿ ನೀರು ಕುಡಿದು ಪರಿಹಾರ ಮಾಡಿಕೊಂಡಿದ್ದ ಹುಡುಗ.

ಅವರ ಮುಖ್ಯಸ್ಥರು ಬಂದು ಹೋದರು. ತಲೆ ನರೆತ, ಮೆದು ಮಾತಿನ ಮನುಷ್ಯ. ವಿಮಾನ ಹತ್ತುವಷ್ಟು ಚೇತರಿಸಿಕೊಂಡ ಕೂಡಲೇ ಹುಡುಗನನ್ನು ಮನೆಗೆ ಕಳಿಸುವುದೆಂದು ನಿರ್ಧಾರವಾಯಿತು. ಅದನ್ನು ಕೇಳಿದ ಮೇಲೆ ಅವನು ಗೋಡೆಯ ಕಡೆ ತಿರುಗಿ ಮಲಗಿದವನು ಈ ಕಡೆ ತಿರುಗಲಿಲ್ಲ. ಬುಧವಾರ ಸಂಜೆ ಹೋದೆ, ಹಾಗೇ ಇದ್ದ. ಈಗ ವಾಂತಿ ನಿಂತಿತ್ತು. ನರ್ಸು ಇಟ್ಟ ಗಂಜಿ, ಹಣ್ಣು, ಬನ್ನು ಎಲ್ಲ ಹಾಗೇ ಉಳಿದಿತ್ತು. ಕೈಗೆ ಚುಚ್ಚಿದ ನಳಿಕೆಯಿಂದ ಹೋಗುವ ನೀರೇ ಆಹಾರ. "ತಿನ್ನದೆ ಇದ್ರೆ ಲಿವರ್ ಸುಧಾರ್ಸೋದು ಹೇಗೆ?" ಎಂದು ನರ್ಸು ನನ್ನನ್ನೇ ಗದರಿಸಿದರು. ಅವರ ಕಟ್ಟಳೆಯಂತೆ ಹೆಂಗಸಾದ ನಾನು ಅವನ ಹೆಗಲು ಮುಟ್ಟುವ ಹಾಗಿರಲಿಲ್ಲ. ಮಂಚದ ಕಾಲಬಳಿ ನಿಂತು, ನಿನ್ನ ಒಳ್ಳೆಯದಕ್ಕೇ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹಿಂದಿರುಗಿದೆ. ಆ ಮಾತನ್ನು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಬೆತ್ತ ಕೆಳಗಿಟ್ಟ ಮೇಲೆ ಹೇಳುತ್ತಿದ್ದರು.

ಗುರುವಾರ ಬೆಳಿಗ್ಗೆ ಫೋನು ಉದ್ದಕ್ಕೆ ರಿಂಗಾಯಿತು, ಪರದೇಶದ ಕರೆಯ ರಿಂಗು. ಅವನ ತಾಯಿ. ಭಾನುವಾರಕ್ಕೆಂದು ಇಟ್ಟುಕೊಂಡಿದ್ದ ನಂಬರು ಆಕೆಗೆ ಈಗಲೇ ಬೇಕಾಗಿ ಬಂದಿತ್ತು. ನರ್ಸಿಂಗ್ ಹೋಮಿನ ಲೈನು ಸಿಗುತ್ತಿರಲಿಲ್ಲವಂತೆ. ಒಬ್ಬರು ಮಾತಾಡಿದ್ದು ಇನ್ನೊಬ್ಬರಿಗೆ ತಡವಾಗಿ ತಲುಪುತ್ತಿತ್ತು, ನಡುವೆ ನಮ್ಮ ಮಾತೇ ನಮಗೆ ವಾಪಸು ಕೇಳುತ್ತಿತ್ತು.

"ಫೋನ್ ಮಾಡಿದ್ದು ನೀವೇನಾ?" ಎಂದು ಕೇಳಿದರು.

ಹೌದು ಎಂದೆ. ಬೈಯಬಹುದು ಎಂದುಕೊಂಡು ನಿಂತೆ. ಆಕೆ ಕೇಳಿದ್ದು: "ಊಟ ಮಾಡ್ತಿದ್ದಾನಾ?"

ಸುಳ್ಳು ಹೇಳಲಾಗಲಿಲ್ಲ. ಇಲ್ಲ, ಗೋಡೆ ನೋಡಿಕೊಂಡು ಮಲಗಿದ್ದಾನೆ, ಮನೆಗೆ ಹೋಗಬೇಕಲ್ಲ ಎಂದು, ಎಂದೆ. ಆ ಕಡೆ ಏನೋ ಸರಿದ ಸದ್ದು, ಪಿಸುಮಾತು, ಮತ್ತೆ ಒಂದು ಗಂಡು ಸ್ವರ. ಇವನದೇ ಸ್ವರ, ಸ್ವಲ್ಪ ದಪ್ಪ.

"ನಾನು ಅವನ ಅಣ್ಣ. ನಿನ್ನೆ ರಾತ್ರಿ ಮನೆಗೆ ಬಂದೆ. ಅವನಿಗೆ ಒಂದು ಮಾತು ಹೇಳ್ತೀರಾ?"

ಒಂದೊಂದು ಮಾತನ್ನೂ ಎರಡು ಸಲ ಕೇಳಿ ಮನಸ್ಸಿನಲ್ಲಿಟ್ಟುಕೊಂಡೆ. ಯಜಮಾನರು ಪಾಳಿ ಮುಗಿಸಿ ಬರುವವರೆಗೆ ಅಡಿಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡಿಗೆಮನೆಗೆ ಓಡಾಡಿದೆ. ಮಾತು ಚೆಲ್ಲಿ ಹೋದೀತು ಎಂಬಂತೆ. ಅತ್ತೆ ಹಳೆಯ ಅಕ್ಕಿ ಹುರಿದು, ನುಣ್ಣಗೆ ಗಂಜಿ ಬೇಯಿಸಿ, ಕ್ಯಾರಿಯರಿಗೆ ತುಂಬಿ ತಾವೂ ಹೊರಟರು.

"ಅವನು ಕುಡಿಯೋದಿಲ್ಲ ಅತ್ತೆ."

"ಕುಡೀಲಿಕ್ಕಂದ್ರ ವಾಪಸ್ ತರೂಣ. ಡಬ್ಬಿ ಏನು ಭಾರ ಅದ ಏನು?"

ಅವನು ಹಾಗೇ ಮಲಗಿದ್ದ. ಶರ್ಟಿಲ್ಲದ, ಆಸ್ಪತ್ರೆಯ ಅಂಗಿಯ ಬೆನ್ನು. ಕಪ್ಪು ಪಟ್ಟಿಯನ್ನು ಮಾತ್ರ ದಿಂಬಿನ ಪಕ್ಕದಲ್ಲಿಟ್ಟುಕೊಂಡಿದ್ದ. ಯಜಮಾನರು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ನಾನು ಆ ಬೆನ್ನಿಗೇ ಹೇಳಿದೆ.

"ನಿಮ್ಮಮ್ಮ ಫೋನ್ ಮಾಡಿದ್ರು. ನಿಮ್ಮಣ್ಣನೂ ಮಾತಾಡಿದ. ಮನೇಲಿದ್ದಾನೆ ಈಗ."

ಬೆನ್ನು ಅಲುಗಲಿಲ್ಲ. ಆದರೆ ಉಸಿರು ನಿಂತದ್ದು ಅಂಗಿಯ ಮೇಲೆ ಕಂಡಿತು.

"ಏರ್‌ಪೋರ್ಟಿಗೆ ಕಾರು ತಾನೇ ಓಡಿಸ್ಕೊಂಡು ಬರ್ತಾನಂತೆ. ಅವನನ್ನು ಕರ್ಕೊಂಡು ಬಂದ ದಿನ ಕಾರಲ್ಲಿ ಯಾರೂ ಒಂದು ಮಾತೂ ಆಡ್ಲಿಲ್ವಂತೆ, ಮನೆ ಸೇರೋವರೆಗೂ. ನಿನ್ನ ಜೊತೆ ದಾರಿಯುದ್ದಕ್ಕೂ ಮಾತಾಡ್ತಾನಂತೆ. ನೀನು ಬಾಯಿ ಮುಚ್ಚೋ ಅಂದ್ರೂ ಬಿಡಲ್ವಂತೆ."

ವರಾಂಡದಲ್ಲಿ ಯಾವುದೋ ಟ್ರಾಲಿ ಹೋಯಿತು. ಆಮೇಲೆ ಅವನು, ಗೋಡೆಯ ಕಡೆ ಮುಖ ಇದ್ದ ಹಾಗೇ, ಕೇಳಿದ: "ಅದು ಅಮ್ಮ ಹೇಳಿದ್ದಾ, ಅವನೇ ಹೇಳಿದ್ದಾ?"

"ಅವನೇ. ಎರಡು ಸಲ ಹೇಳಿಸ್ಕೊಂಡೆ."

ಅವನು ನಿಧಾನಕ್ಕೆ ಹೊರಳಿದ. ನಳಿಕೆ ಸಿಕ್ಕಿಕೊಳ್ಳದಂತೆ ಸಣ್ಣವನು ಎದ್ದು ಹಿಡಿದುಕೊಂಡ. ಹಳದಿ ಕಣ್ಣುಗಳು ಮೊದಲು ಯಜಮಾನರು ಕೂತಿದ್ದನ್ನು ನೋಡಿದವು, ಆಮೇಲೆ ನನ್ನನ್ನು, ಆಮೇಲೆ ಅತ್ತೆಯ ಕೈಯಲ್ಲಿದ್ದ ಕ್ಯಾರಿಯರನ್ನು. ನನ್ನನ್ನು ಕ್ಷಮಿಸಿದನೋ ಇಲ್ಲವೋ ಆ ನೋಟದಿಂದ ತಿಳಿಯಲಿಲ್ಲ. ತಿಂಗಳ ಕೊನೆಗೆ ವಿಮಾನ ಹತ್ತುವ ಮುನ್ನ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳಿ ಹೋದಾಗಲೂ ತಿಳಿಯಲಿಲ್ಲ. ಕೇಳುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ.

ಅತ್ತೆ ಯಾರನ್ನೂ ಕೇಳದೆ ಲೋಟಕ್ಕೆ ಗಂಜಿ ಬಗ್ಗಿಸಿ ಅವನ ಕೈಗಿಟ್ಟರು. "ಹೂಂ. ಸಾಕು ಉಪಾಸ. ಬಿಡು ಇನ್ನ."

ಅವನು ಕುಡಿದ. ನಿಲ್ಲಿಸಿ ನಿಲ್ಲಿಸಿ, ಪ್ರತಿ ಗುಟುಕಿಗೂ ಅದು ಒಳಗೆ ಉಳಿಯುತ್ತದೋ ಇಲ್ಲವೋ ಎಂದು ಕಾದು. ಅತ್ತೆ ಲೋಟದ ತಳ ಕಾಣುವವರೆಗೆ ಕಣ್ಣು ತೆಗೆಯಲಿಲ್ಲ. ಅಲ್ಲಿಯವರೆಗೆ ನಳಿಕೆ ಹಿಡಿದು ನಿಂತೇ ಇದ್ದ ಸಣ್ಣವನು ಆಗ ತಮಿಳಿನಲ್ಲಿ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಆಂಟಿ, ಇನ್ನೂ ಇದೆಯಾ? ಇಲ್ಲಿಗೆ ಬಂದಾಗಿನಿಂದ ಅವರು ತಿನ್ನದೆ ನಾನೂ ತಿಂದಿಲ್ಲ," ಎಂದ.

ನಾನು ಕ್ಯಾರಿಯರಿನ ಎರಡನೆಯ ಡಬ್ಬಿ ತೆಗೆದೆ.